ಸನ್‌ಡ್ಯೂ ಗಿಡದ ಅಂಟು ಹನಿ ಒಣಗಿಹೋಗಿದೆ, ಏನು ಮಾಡಲಿ?

ಪ್ರಶ್ನೆ: ಸರ್, ಬೆಂಗಳೂರಿನಲ್ಲಿದ್ದೇವೆ. ಒಂದೂವರೆ ತಿಂಗಳ ಹಿಂದೆ ಡ್ರಾಸೆರಾ ಕ್ಯಾಪೆನ್ಸಿಸ್ ಅನ್ನೋ ಸನ್‌ಡ್ಯೂ, ಅಂದರೆ ಅಂಟು ಎಲೆಯಲ್ಲಿ ಹುಳ ಹಿಡಿದು ತಿನ್ನೋ ಗಿಡ, ತರಿಸಿದೆ. ಬಂದಾಗ ಎಲೆ ತುಂಬ ಅಂಟು ಹನಿ, ಈಗ ಒಂದೂ ಇಲ್ಲ, ತುದಿ ಕಪ್ಪಾಗ್ತಿದೆ. ಕೆಂಪು ಮಣ್ಣಿಗೆ ಎರೆಗೊಬ್ಬರ ಬೆರೆಸಿ ಮಣ್ಣಿನ ಕುಂಡಕ್ಕೆ ಬದಲಾಯಿಸಿದ್ದೆ. ದಿನಾ ಬೋರ್‌ವೆಲ್ ನೀರು. ಬಾಲ್ಕನಿಯಲ್ಲಿ ನೆರಳು. ಮೊನ್ನೆ ಎಲೆ ಮೇಲೆ ಒಂದು ಚೂರು ಪನೀರ್ ಇಟ್ಟೆ. ಅದೇ ತಪ್ಪಾಯ್ತಾ?

ಉತ್ತರ: ಪನೀರ್ ಬಿಡಿ ಮೇಡಂ, ಬೂಷ್ಟು ಹಿಡಿದು ಆ ಎಲೆಯೊಂದು ಹೋಗುತ್ತೆ, ಅಷ್ಟೇ. ಗಿಡ ಸಾಯ್ತಿರೋದು ಎರೆಗೊಬ್ಬರದಿಂದ, ಬೋರ್‌ವೆಲ್ ನೀರಿನಿಂದ. ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶದಲ್ಲಿ ಸಾರವಿಲ್ಲದ ಜೌಗಿನಲ್ಲಿ ಬೆಳೆಯೋ ಗಿಡ ಇದು. ನೆಲದಲ್ಲಿ ಸಾರಜನಕ ಸಾಲದ್ದಕ್ಕೇ ಎಲೆಯಲ್ಲಿ ಹುಳ ಹಿಡಿಯುತ್ತೆ. ಬೇರಿಗೆ ಊಟ ಬಡಿಸಿದರೆ ಬೇರೇ ಸುಟ್ಟುಹೋಗುತ್ತೆ.

ಇವತ್ತೇ ಕಿತ್ತು, ಬೇರನ್ನು ಮಳೆನೀರಲ್ಲಿ ತೊಳೆಯಿರಿ. ಗೊಬ್ಬರ ಬೆರೆಸದ ಪೀಟ್‌ಮಾಸ್ (ಜೌಗಿನ ಕೊಳೆತ ಪಾಚಿ), ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಸಮಸಮ ಹಾಕಿ ಪ್ಲಾಸ್ಟಿಕ್ ಕುಂಡದಲ್ಲಿ ನೆಡಿ. ಮಣ್ಣಿನ ಕುಂಡ ಲವಣ ಹೀರಿ ಇಟ್ಟುಕೊಳ್ಳುತ್ತೆ, ಬೇಡ. ಕುಂಡದಡಿ ತಟ್ಟೆಯಲ್ಲಿ ಒಂದೆರಡು ಸೆಂಟಿಮೀಟರ್ ನೀರು ನಿಂತಿರಲಿ. ಸೊಳ್ಳೆ ಮರಿ ಆಗದಂತೆ ಆಗಾಗ ಚೆಲ್ಲಿ ಬದಲಾಯಿಸಿ. ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬೇಕು, ಆದರೆ ನೆರಳಲ್ಲಿದ್ದದ್ದನ್ನು ಒಂದೇ ಸಲ ಬಿಸಿಲಿಗೆ ತಳ್ಳಬೇಡಿ.

ಪ್ರಶ್ನೆ: ಬೋರ್‌ವೆಲ್ ನೀರನ್ನೇ ಕುದಿಸಿ ಆರಿಸಿದರೆ? ಮನೇಲಿ ಆರ್‌ಓ ಕೂಡ ಇದೆ.

ಉತ್ತರ: ಕುದಿಸಿದರೆ ಒಂದಿಷ್ಟು ಸುಣ್ಣ ತಳಕ್ಕೆ ಕೂರಬಹುದು, ಉಳಿದ ಲವಣ ಅಲ್ಲೇ ಇರುತ್ತೆ. ಟಿಡಿಎಸ್, ಅಂದರೆ ನೀರಲ್ಲಿ ಕರಗಿರೋ ಲವಣದ ಅಳತೆ, 50 ಪಿಪಿಎಂ (ಲೀಟರಿಗೆ 50 ಮಿಲಿಗ್ರಾಂ) ಒಳಗಿರಬೇಕು. ಕುಡಿಯೋ ರುಚಿಗೆಂದು ಎಷ್ಟೋ ಆರ್‌ಓಗಳಲ್ಲಿ ಖನಿಜ ಮತ್ತೆ ಸೇರಿಸಿರ್ತಾರೆ, ಮೀಟರ್ ಇಟ್ಟು ನೋಡಿ. ಮಳೆಗಾಲದಲ್ಲಿ ತಾರಸಿಯಲ್ಲೊಂದು ಡ್ರಮ್ ಇಡಿ, ಖರ್ಚಿಲ್ಲ. ಹಳೆ ಎಲೆಯಲ್ಲಿ ಹನಿ ಬರಲಿಲ್ಲ ಅಂತ ಕೊರಗಬೇಡಿ. ನಡುವಿನಿಂದ ಬರೋ ಹೊಸ ಎಲೆ ನೋಡಿ.

ಪ್ರಶ್ನೆ (ಮತ್ತೊಬ್ಬರು): ಸರ್, ನಮ್ಮ ಉಡುಪಿ ಕಡೆ ಮುರಕಲ್ಲಿನ ಪಾದೆ ಮೇಲೆ ಮಳೆ ಕಡಿಮೆಯಾಗುವಾಗ ಇಂಥದೇ ಕೆಂಪು ಗಿಡ ಕಾಣುತ್ತೆ. ಕಿತ್ತು ತರಬಹುದಾ?

ಉತ್ತರ: ಬೇಡ ಮಾರಾಯ್ರೇ! ಉದ್ದಕ್ಕೆ ನಿಂತಿದ್ದರೆ ಡ್ರಾಸೆರಾ ಇಂಡಿಕಾ ಇರಬಹುದು, ನಾಣ್ಯದ ಹಾಗೆ ನೆಲಕ್ಕಂಟಿದ್ದರೆ ಬರ್ಮಾನಿ. ಎರಡೂ ಬೀಜ ಉದುರಿಸಿ ಬೇಸಿಗೆಗೆ ಮೊದಲೇ ಸಾಯೋ ಜಾತಿ. ತಂದರೂ ನಿಮ್ಮ ಮನೆಯಲ್ಲಿ ನಿಲ್ಲೋದಿಲ್ಲ, ಅಲ್ಲಿ ಮುಂದಿನ ವರ್ಷಕ್ಕೆ ಬೀಜವೂ ಇಲ್ಲ. ಅಲ್ಲೇ ಕೂತು ನೋಡಿ. ಬರ್ಮಾನಿ ಅಂಚಿನ ರೋಮ ಕೆಲವೇ ಸೆಕೆಂಡಲ್ಲಿ ಇರುವೆಯನ್ನು ಒಳಕ್ಕೆ ಮಡಚುತ್ತೆ. ಕ್ಯಾಪೆನ್ಸಿಸ್ ಅದರ ಮುಂದೆ ಮಹಾ ಸೋಮಾರಿ.