ಊರು ಬದಲಾದ ಮೇಲೆ ಮಗಳು ಯಾರೊಂದಿಗೂ ಬೆರೆಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಸಾಗರದಿಂದ ಬಂದವಳು

ನನ್ನ ಪತಿಗೆ ಬ್ಯಾಂಕಿನಲ್ಲಿ ವರ್ಗಾವಣೆಯಾದ್ದರಿಂದ ಜೂನ್ ಮೊದಲ ವಾರದಲ್ಲಿ ನಾವು ಸಾಗರದಿಂದ ಕಲಬುರಗಿಗೆ ಬಂದೆವು. ಎಂಟು ವರ್ಷದ ಮಗಳು ಇಲ್ಲಿ ಮೂರನೆಯ ತರಗತಿಗೆ ಸೇರಿ ಏಳು ವಾರವಾಯಿತು. ಊರಿನಲ್ಲಿಯೂ ಅವಳು ಮಾತು ಕಡಿಮೆಯ ಹುಡುಗಿಯೇ. ಆದರೆ ಅಲ್ಲಿ ಪಕ್ಕದ ಮನೆಯಲ್ಲಿ ಗೆಳತಿಯೊಬ್ಬಳಿದ್ದಳು. ಇಬ್ಬರೂ ತೊಟ್ಟಿಲಿನಿಂದಲೇ ಜೊತೆಯಾಗಿ ಬೆಳೆದವರಾದ್ದರಿಂದ, ಹೊಸಬರೊಂದಿಗೆ ಗೆಳೆತನ ಮಾಡಿಕೊಳ್ಳುವ ಪ್ರಸಂಗವೇ ಇವಳಿಗೆ ಬಂದಿರಲಿಲ್ಲ ಎಂದು ಈಗ ಹೊಳೆಯುತ್ತಿದೆ.

ಸಂಜೆಯಾದರೆ ಓಣಿಯ ಮಕ್ಕಳೆಲ್ಲ ನಮ್ಮ ಮನೆಯೆದುರಿನ ಅಂಗಳದಲ್ಲೇ ಆಡುತ್ತಾರೆ. ಇವಳು ಮೊದಲ ಮಹಡಿಯ ಕಿಟಕಿಯ ಸರಳು ಹಿಡಿದು ಒಂದು ಗಂಟೆ ನಿಂತು ನೋಡುತ್ತಾಳೆ. ಯಾರು ಔಟಾದರು, ಯಾರು ಗೆರೆ ತುಳಿದೂ ಇಲ್ಲವೆಂದು ವಾದಿಸಿದರು ಎಂಬುದನ್ನೆಲ್ಲ ರಾತ್ರಿ ಊಟಕ್ಕೆ ಕುಳಿತಾಗ ನನಗೆ ವರದಿ ಒಪ್ಪಿಸುತ್ತಾಳೆ. ಕೆಳಗೆ ಮಾತ್ರ ಇಳಿಯುವುದಿಲ್ಲ. ಕುಂಟೆಬಿಲ್ಲೆ ಎಂದರೆ ಇವಳಿಗೆ ಪ್ರಾಣ. ಊರಿನ ಹಿತ್ತಲಿನಲ್ಲಿ ಬಿದ್ದಿದ್ದ ಮಂಗಳೂರು ಹಂಚಿನ ಚೂರೊಂದನ್ನು ಕಲ್ಲಿಗೆ ತಿಕ್ಕಿ ದುಂಡಗೆ ಮಾಡಿಕೊಂಡ ಬಿಲ್ಲೆಯನ್ನು ಪೆನ್ಸಿಲ್ ಡಬ್ಬಿಯಲ್ಲಿಟ್ಟು ಇಲ್ಲಿಯವರೆಗೂ ತಂದಿದ್ದಾಳೆ. ಅದಿನ್ನೂ ಡಬ್ಬಿಯಲ್ಲೇ ಇದೆ.

ಕಳೆದ ವಾರ ನನಗೆ ತಾಳ್ಮೆ ತಪ್ಪಿತು. "ಹೋಗು, ಆಡಿಕೊಂಡು ಬಾ" ಎಂದು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆ. ಅರ್ಧ ಗಂಟೆಯ ನಂತರ ನೋಡಿದರೆ ಮಗು ಮೆಟ್ಟಿಲಿನ ತಿರುವಿನಲ್ಲಿ, ಕೆಳಗಿನವರಿಗೂ ಮೇಲಿನವರಿಗೂ ಕಾಣದ ಜಾಗದಲ್ಲಿ ಕುಳಿತಿತ್ತು. ಶಾಲೆಯಲ್ಲಿ ಕೇಳಿದ್ದಕ್ಕೆ ತಲೆಯಾಡಿಸುತ್ತಾಳೆಯೇ ಹೊರತು ಬಾಯಿ ಬಿಡುವುದಿಲ್ಲವೆಂದು ತರಗತಿಯ ಶಿಕ್ಷಕಿ ಹೇಳುತ್ತಾರೆ. ತಾನಾಗಿಯೇ ಸರಿಹೋಗುತ್ತದೆ ಎನ್ನುತ್ತಾರೆ ಪತಿ. ಬಿಟ್ಟುಬಿಡಬೇಕೇ, ಒತ್ತಾಯಿಸಬೇಕೇ ಎಂಬುದು ನನಗೆ ತಿಳಿಯುತ್ತಿಲ್ಲ.

ಉತ್ತರ 1: ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಕಲಬುರಗಿ

ತಂಗಿ, ನಿಮ್ಮ ಮಗಳು ಕಿಟಕಿಯಲ್ಲಿ ನಿಂತು ಸುಮ್ಮನೆ ಕಾಲ ಕಳೆಯುತ್ತಿಲ್ಲ, ಪಾಠ ಕಲಿಯುತ್ತಿದ್ದಾಳೆ. ಯಾರು ಮೋಸಗಾರ, ಯಾರು ಸಣ್ಣವರಿಗೆ ಬಿಟ್ಟುಕೊಡುತ್ತಾರೆ ಎಂಬುದನ್ನು ಏಳು ವಾರಗಳಲ್ಲಿ ಗುರುತಿಸಿರುವ ಮಗುವಿಗೆ ಆ ಓಣಿ ಅಪರಿಚಿತವೆಂದು ನಾನು ಒಪ್ಪುವುದಿಲ್ಲ. ಅವಳ ಪರಿಚಯ ಆ ಮಕ್ಕಳಿಗಿಲ್ಲ, ಅಷ್ಟೇ. ಆ ಮಕ್ಕಳಲ್ಲಿ ಯಾರು ಒಳ್ಳೆಯವರು ಎಂದು ಅವಳನ್ನೇ ಕೇಳಿ. ಅವಳು ಹೇಳುವ ಒಂದೇ ಒಂದು ಹೆಸರು ಸಾಕು. ಆ ಒಬ್ಬಳನ್ನು ಮಾತ್ರ ಮನೆಗೆ ಕರೆಯಿರಿ, ಹತ್ತು ಜನರನ್ನು ಕರೆದು ಹುಟ್ಟುಹಬ್ಬ ಮಾಡುವ ಗೋಜಿಗೆ ಹೋಗಬೇಡಿ. ಸಂಕೋಚದ ಮಗುವಿಗೆ ತನ್ನ ಮನೆಯ ನೆಲದ ಮೇಲೆ ಇರುವ ಧೈರ್ಯ ಬೇರೆಲ್ಲಿಯೂ ಇರುವುದಿಲ್ಲ.

ಎರಡನೆಯ ಮಾತು ಭಾಷೆಯದು. ಸಾಗರದಲ್ಲಿಯೂ ಇಲ್ಲಿಯೂ ಪಠ್ಯಪುಸ್ತಕದ ಕನ್ನಡ ಒಂದೇ, ಆದರೆ ಮಕ್ಕಳು ಆಡುವುದು ಪುಸ್ತಕದ ಕನ್ನಡದಲ್ಲಲ್ಲ. ಇದು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಸೀಮೆಯಾದ್ದರಿಂದ ಓಣಿಯ ಮಾತಿನಲ್ಲಿ ಉರ್ದು ಸಹಜವಾಗಿ ಬೆರೆತಿದೆ. ದನಿಯೂ ಎತ್ತರ. "ಏ, ಬಾ ಇಲ್ಲಿ! ಯಾಕ ಸುಮ್ಮ ನಿಂತಿ?" ಎಂದು ಕೂಗಿದರೆ ಅದು ಇಲ್ಲಿ ಅಕ್ಕರೆಯ ಕರೆ; ಮೆಲುದನಿಯ ಮಲೆನಾಡಿನಿಂದ ಬಂದ ಮಗುವಿಗೆ ಅದು ಗದರಿಕೆಯಂತೆ ಕೇಳಿಸುತ್ತದೆ. ಶಿವಮೊಗ್ಗ ಕಡೆಯಿಂದ ಬಂದ ಹುಡುಗನೊಬ್ಬ ನನ್ನ ತರಗತಿಯಲ್ಲಿ ಒಂದು ತಿಂಗಳು ಬಾಯಿ ತೆರೆಯಲಿಲ್ಲ. ವಿಚಾರಿಸಿದರೆ, ಅವನು ಬಾಯಿ ಬಿಟ್ಟಾಗಲೆಲ್ಲ ಉಳಿದವರು "ಬುಕ್ಕಿನಂಗ ಮಾತಾಡ್ತಾನ" ಎಂದು ನಗುತ್ತಿದ್ದರಂತೆ. ಅದರಲ್ಲಿ ಕೆಡುಕು ಇರಲಿಲ್ಲ, ಆದರೆ ನಗುವುದು ನಗುವುದೇ. ಆಮೇಲೆ ನಾನು ಅವನ ಊರಿನ ಮಾತುಗಳನ್ನು ಹಲಗೆಯ ಮೇಲೆ ಬರೆದು, ಅವಕ್ಕೆ ನಮ್ಮ ಮಾತೇನು ಎಂದು ಮಕ್ಕಳಿಂದಲೇ ಹೇಳಿಸತೊಡಗಿದೆ. ಅವನು ಉತ್ತರ ಹೇಳುವ ಬದಲು ಸರಿ–ತಪ್ಪು ತೀರ್ಮಾನಿಸುವವನಾದ. ನಿಮ್ಮ ಮಗಳನ್ನೂ ಯಾರಾದರೂ ಮಾತಿಗಾಗಿ ನಕ್ಕಿದ್ದಾರೆಯೇ ಎಂದು ಮೆಲ್ಲನೆ ವಿಚಾರಿಸಿ.

ತರಗತಿಯ ಶಿಕ್ಷಕಿಗೂ ಒಂದು ಮಾತು ಹೇಳಿ. ಎಲ್ಲರೆದುರು ಎದ್ದುನಿಲ್ಲಿಸಿ ಪದ್ಯ ಹೇಳಿಸುವುದು ಸದ್ಯಕ್ಕೆ ಬೇಡ. ಹಾಜರಿ ಪುಸ್ತಕ ಒಯ್ಯುವುದು, ಸೀಮೆಸುಣ್ಣ ತರುವುದು ಮುಂತಾದ ಕೆಲಸವನ್ನು ಇಬ್ಬರಿಗೆ ಸೇರಿಸಿ ಕೊಡಲಿ, ಆ ಇಬ್ಬರೂ ಪ್ರತಿದಿನ ಅವರೇ ಆಗಿರಲಿ. ಕೈಗೆ ಕೆಲಸವಿದ್ದಾಗ ಮಾತು ತಾನಾಗಿ ಬರುತ್ತದೆ.

ಕೊನೆಗೊಂದು ಪ್ರಶ್ನೆ, ಬೇಸರ ಮಾಡಿಕೊಳ್ಳಬೇಡಿ. ಈ ಏಳು ವಾರಗಳಲ್ಲಿ ನೀವು ಓಣಿಯ ಎಷ್ಟು ಮನೆಗಳ ಹೊಸ್ತಿಲು ದಾಟಿದ್ದೀರಿ? ಇಲ್ಲಿ ಸಂಜೆ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಾರೆ. ತಾಯಿ ಅಲ್ಲಿದ್ದರೆ ಮಗು ಅವಳ ಸೆರಗಿನ ಹತ್ತಿರ ನಿಂತಾದರೂ ಕೆಳಗೆ ಇರುತ್ತದೆ. ಪಂಚಮಿಗೆ ಇನ್ನು ಎರಡು ವಾರವಿದೆ, ನಮ್ಮ ಸೀಮೆಯಲ್ಲಿ ಅದು ಹೆಣ್ಣುಮಕ್ಕಳ ದೊಡ್ಡ ಹಬ್ಬ. ಮನೆಮನೆಗೆ ಉಂಡಿ ಹಂಚುತ್ತಾರೆ, ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಜೋಕಾಲಿಯಲ್ಲಿ ಒಬ್ಬರು ಕೂರಬೇಕು, ಒಬ್ಬರು ತೂಗಬೇಕು, ಉಳಿದವರು ಸರದಿಗೆ ಕಾಯಬೇಕು. ಹೆಚ್ಚು ಮಾತು ಬೇಡದ ಆಟ ಅದು.

ಉತ್ತರ 2: ವರ್ಗಾವಣೆಯ ಮಗ

ಅಪ್ಪ ಪೊಲೀಸ್ ಇಲಾಖೆಯಲ್ಲಿದ್ದುದರಿಂದ ಹತ್ತನೆಯ ತರಗತಿ ಮುಗಿಯುವುದರೊಳಗೆ ಐದು ಊರು ಕಂಡವನು ನಾನು. ಹೊಸ ಊರಿನಲ್ಲಿ ಬಂದವರೆಲ್ಲರ ಮುಂದೆ ಅಮ್ಮ "ಇವನಿಗೆ ತುಂಬ ನಾಚಿಕೆ" ಎಂದು ಪರಿಚಯಿಸುತ್ತಿದ್ದುದು ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಕಷ್ಟವಾಗಿತ್ತು. ಹಾಗೆಂದ ಮೇಲೆ ನಾನು ಮಾತನಾಡಿದರೆ ಅದೊಂದು ಸುದ್ದಿಯಾಗುತ್ತಿತ್ತು, ಆದ್ದರಿಂದ ಮಾತನಾಡದಿರುವುದೇ ಸುಲಭವಾಗಿತ್ತು. ದಯವಿಟ್ಟು ಮಗಳ ಎದುರಿನಲ್ಲಿ ಆ ಶಬ್ದವನ್ನು ಬಳಸಬೇಡಿ. ಇನ್ನೊಂದು ಉಪಾಯವೂ ಇದೆ: ಮಕ್ಕಳು ಸೇರುವುದಕ್ಕಿಂತ ಹತ್ತು ನಿಮಿಷ ಮೊದಲೇ ಅವಳು ಅಂಗಳದಲ್ಲಿರಲಿ. ನಡೆಯುತ್ತಿರುವ ಆಟದೊಳಗೆ ನುಗ್ಗುವುದು ಬಸ್ಸು ಚಲಿಸುವಾಗ ಹತ್ತಿದಂತೆ. ಮೊದಲೇ ಅಲ್ಲಿದ್ದರೆ ಬಂದವರೇ ಇವಳ ಬಳಿ ಬರಬೇಕಾಗುತ್ತದೆ.

ಉತ್ತರ 3: ಗುಬ್ಬಿಗೂಡು

ಹಳೆಯ ಗೆಳತಿಯೊಂದಿಗೆ ಫೋನಿನಲ್ಲಿ ಮಾತನಾಡುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ. ಹಿಂದಿನದರ ಎಳೆ ಕಡಿದುಹೋಗುವವರೆಗೆ ಮಗು ಹೊಸ ಕಡೆ ಮುಖ ಮಾಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಉತ್ತರ 4: ಮಕ್ಕಳ ಆಪ್ತಸಮಾಲೋಚಕಿ

ಮೇಲಿನ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮನೆ, ಶಾಲೆ, ಮಾತಿನ ರೀತಿ ಇವೆಲ್ಲವನ್ನೂ ಒಮ್ಮೆಗೇ ಕಳೆದುಕೊಂಡ ಮಗುವಿನಿಂದ ಉಳಿದ ಒಬ್ಬ ಗೆಳತಿಯನ್ನೂ ಕಿತ್ತುಕೊಂಡರೆ ಅವಳು ಹೊಸಬರ ಕಡೆಗೆ ತಿರುಗುವುದಿಲ್ಲ, ಇನ್ನಷ್ಟು ಒಳಗೆ ಸರಿಯುತ್ತಾಳೆ. ವಾರಕ್ಕೊಂದೆರಡು ಸಲ ಮಾತನಾಡಲಿ, ಸಂಜೆಯ ಆಟದ ಹೊತ್ತಿಗೆ ಬೇಡ ಅಷ್ಟೇ.

ಹೊಸತನ್ನು ಕಂಡರೆ ಹಿಂಜರಿಯುವುದು ಕೆಲವು ಮಕ್ಕಳ ಹುಟ್ಟುಗುಣ. ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜೆರೋಮ್ ಕೇಗನ್ ಮತ್ತು ಸಂಗಡಿಗರು 1980ರ ದಶಕದಿಂದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ, ನೂರರಲ್ಲಿ ಸುಮಾರು 15ರಿಂದ 20 ಎಳೆಯ ಮಕ್ಕಳಲ್ಲಿ ಈ ಸ್ವಭಾವ ಎದ್ದುಕಾಣುವುದನ್ನು ದಾಖಲಿಸಿದ್ದಾರೆ. ಅವರಲ್ಲಿ ಅನೇಕರು ಬೆಳೆದಂತೆ ತಕ್ಕಮಟ್ಟಿಗೆ ಬೆರೆಯುವುದನ್ನು ಕಲಿಯುತ್ತಾರೆ. ಇನ್ನೂ ಹಿಂದೆ, 1932ರಲ್ಲಿ ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ ಚಿಕ್ಕ ಮಕ್ಕಳ ಆಟವನ್ನು ವರ್ಗೀಕರಿಸುವಾಗ ನಿಂತು ನೋಡುವುದಕ್ಕೂ ಒಂದು ಪ್ರತ್ಯೇಕ ಸ್ಥಾನ ಕೊಟ್ಟಿದ್ದರು. ನಿಮ್ಮ ಮಗಳು ಆ ಮಕ್ಕಳಿಗಿಂತ ದೊಡ್ಡವಳು ನಿಜ, ಆದರೆ ಹೊಸ ಜಾಗದಲ್ಲಿ ದೊಡ್ಡವರೂ ಅದನ್ನೇ ಮಾಡುತ್ತಾರೆ. ಆದ್ದರಿಂದ ಕಿಟಕಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಕಟ್ಟೆಗೆ, ಕಟ್ಟೆಯಿಂದ ಅಂಗಳಕ್ಕೆ ಎಂದು ನೋಡುವ ಜಾಗವನ್ನು ಹತ್ತಿರ ತನ್ನಿ, ಪ್ರತಿ ಹಂತದಲ್ಲಿ ಕೆಲವು ದಿನ ಕಳೆಯಲಿ. "ನನ್ನನ್ನೂ ಸೇರಿಸಿಕೊಳ್ಳುತ್ತೀರಾ?" ಎಂದು ಕೇಳಲು ಕಲಿಸುವುದಕ್ಕಿಂತ, ದೂರ ಹಾರಿದ ಬಿಲ್ಲೆಯನ್ನು ಹೆಕ್ಕಿ ಕೊಡುವಂತಹ ಸಣ್ಣ ಕೆಲಸ ಕಲಿಸುವುದು ಮೇಲು. ಆ ಪ್ರಶ್ನೆಗೆ "ಬೇಡ" ಎಂಬ ಉತ್ತರ ಬರಬಹುದು, ಹೆಕ್ಕಿ ಕೊಟ್ಟ ಬಿಲ್ಲೆಯನ್ನು ಯಾರೂ ಬೇಡವೆನ್ನುವುದಿಲ್ಲ.

ಶಾಲೆಯ ಮೌನವನ್ನು ಮಾತ್ರ ಗಮನಿಸುತ್ತಿರಿ. ಮನೆಯಲ್ಲಿ ಧಾರಾಳವಾಗಿ ಮಾತನಾಡುವ ಮಗು ಶಾಲೆಯಂತಹ ಕಡೆ ಒಂದು ತಿಂಗಳಿಗೂ ಹೆಚ್ಚು ಕಾಲ ಮಾತನ್ನೇ ಆಡದಿದ್ದರೆ ಅದು ಆಯ್ದ ಮೌನ ಎಂಬ ಆತಂಕದ ಸಮಸ್ಯೆಯಾಗಿರಬಹುದು. ಹಟವೆಂದು ತಿಳಿದು ಶಿಕ್ಷಿಸಿದರೆ ಹೆಚ್ಚುತ್ತದೆ. ಶಾಲೆಗೆ ಸೇರಿದ ಮೊದಲ ತಿಂಗಳನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿನ ಮಾತಿನ ಪರಿಚಯವಿಲ್ಲದಿರುವುದೇ ಮೌನಕ್ಕೆ ಕಾರಣವಾದರೆ ಅದನ್ನು ಸಮಸ್ಯೆಯೆಂದು ಕರೆಯುವುದೂ ಇಲ್ಲ. ಹಾಗಾಗಿ ಈಗಲೇ ಹೆದರುವ ಅಗತ್ಯವಿಲ್ಲ. ಆದರೆ ಇನ್ನೂ ನಾಲ್ಕೈದು ವಾರ ಹೀಗೆಯೇ ಮುಂದುವರಿದರೆ, ಅಥವಾ ಹೊಟ್ಟೆನೋವೆಂದು ಶಾಲೆ ತಪ್ಪಿಸುವುದು, ನಿದ್ದೆಗೆಡುವುದು ಕಂಡುಬಂದರೆ ಮಕ್ಕಳ ಮನೋವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಸಾಗರದಿಂದ ಬಂದವಳು (ಮೂರು ವಾರಗಳ ನಂತರ)

ಎಲ್ಲರಿಗೂ ಧನ್ಯವಾದಗಳು. ಅಕ್ಕೋರೇ (ಇಲ್ಲಿ ಶಿಕ್ಷಕಿಯರನ್ನು ಹೀಗೆ ಕರೆಯುತ್ತಾರೆಂದು ಈಗ ಕಲಿತೆ), ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಸೊನ್ನೆ. ಸಾಮಾನು ಜೋಡಿಸುವ ನೆಪದಲ್ಲಿ ನಾನೂ ಏಳು ವಾರ ಕಿಟಕಿಯಲ್ಲೇ ಇದ್ದೆ. ಮರುದಿನ ಸಂಜೆ ಒಂದು ತಟ್ಟೆಯಲ್ಲಿ ಊರಿನಿಂದ ತಂದಿದ್ದ ತೊಡೆದೇವು (ಕಬ್ಬಿನ ಹಾಲಿನಲ್ಲಿ ಮಾಡುವ, ಕಾಗದದಷ್ಟು ತೆಳ್ಳಗಿನ ನಮ್ಮ ಕಡೆಯ ಸಿಹಿ) ಇಟ್ಟುಕೊಂಡು, ಮಗಳ ಕೈ ಹಿಡಿದು ಕಟ್ಟೆಗೆ ಹೋದೆ. "ಇದೇನ್ರೀ, ಕಾಗದ ತಿನ್ನಾಕ ಕೊಟ್ಟೀರಿ?" ಎಂದು ಒಬ್ಬರು ಕೇಳಿದ್ದಕ್ಕೆ ಎಲ್ಲರೂ ನಕ್ಕರು. ಮಗಳೂ ನಕ್ಕಳು, ಮನೆಯ ಹೊರಗೆ ಅವಳು ನಕ್ಕಿದ್ದನ್ನು ಇಲ್ಲಿಗೆ ಬಂದ ಮೇಲೆ ನಾನು ನೋಡಿದ್ದು ಅದೇ ಮೊದಲು.

ಅವಳು ಆರಿಸಿದ ಹೆಸರು ನಾನು ಊಹಿಸಿರದ ಹುಡುಗಿಯದು, ಎಲ್ಲರಿಗಿಂತ ಜೋರು ದನಿಯವಳದು. ಯಾಕೆಂದರೆ "ಅವಳು ಸೋತರೂ ಜಗಳ ಮಾಡಲ್ಲ" ಎಂದಳು. ಪಂಚಮಿಯ ದಿನ ಆ ಹುಡುಗಿಯ ಮನೆಯ ಹಿಂದಿನ ಬೇವಿನ ಮರದ ಜೋಕಾಲಿಯನ್ನು ಇವಳು ಎರಡು ಗಂಟೆ ತೂಗಿದಳು, ತಾನು ಕುಳಿತದ್ದು ಒಂದೇ ಸಲವಂತೆ. ಶೇಂಗಾ ಉಂಡಿಯ ಪುಡಿ ಫ್ರಾಕಿನ ತುಂಬ ಇತ್ತು.

ಬಿಲ್ಲೆಯೂ ಡಬ್ಬಿಯಿಂದ ಹೊರಬಂದಿದೆ. ಇಲ್ಲಿ ಅಂಗಳಕ್ಕೆಲ್ಲ ಶಹಾಬಾದ್ ಕಲ್ಲು ಹಾಸಿರುವುದರಿಂದ ಮಕ್ಕಳು ಮನೆ ಗೀಚುವುದೇ ಇಲ್ಲ, ಕಲ್ಲಿನ ಸಂದುಗಳನ್ನೇ ಗೆರೆಯೆಂದು ಲೆಕ್ಕ ಹಿಡಿದು ಆಡುತ್ತಾರೆ. ಮಣ್ಣಿನ ಅಂಗಳದಲ್ಲಿ ಎಸೆದು ಅಭ್ಯಾಸವಾದ ಇವಳ ಬಿಲ್ಲೆ ಆ ನುಣುಪಿನ ಮೇಲೆ ಎರಡು ಮನೆ ದಾಟಿ ಜಾರುತ್ತದೆ. ನಾಲ್ಕು ದಿನ ಸತತವಾಗಿ ಸೋತಳು. ಐದನೆಯ ದಿನ, ಹಂಚಿನ ಬಿಲ್ಲೆ ನಡೆಯುತ್ತದೆಯೋ ಇಲ್ಲವೋ ಎಂಬ ಬಗ್ಗೆ ದೊಡ್ಡ ಜಗಳವೇ ಆಯಿತು. ಅದರಲ್ಲಿ "ನಡೀತದ!" ಎಂದು ಕೂಗಿದ ದನಿ ನನ್ನ ಮಗಳದು, ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿಸಿಕೊಂಡೆ.

ಶಾಲೆಯಲ್ಲಿ ಅಷ್ಟು ಬದಲಾವಣೆಯಿಲ್ಲ. ಹಾಜರಿ ಪುಸ್ತಕದ ಕೆಲಸ ಸಿಕ್ಕಿದೆ, ಜೊತೆಯವಳ ಕಿವಿಯಲ್ಲಿ ಪಿಸುಗುಟ್ಟುತ್ತಾಳಂತೆ, ಶಿಕ್ಷಕಿಗೆ ಈಗಲೂ ತಲೆಯಾಡಿಸುವುದೇ ಉತ್ತರ. ದಸರೆ ರಜೆಯವರೆಗೆ ನೋಡಿ, ಆಮೇಲೂ ಹೀಗೇ ಇದ್ದರೆ ವೈದ್ಯರನ್ನು ಕಾಣುವುದೆಂದು ಪತಿಯೂ ಒಪ್ಪಿದ್ದಾರೆ.

ಅಕ್ಕೋರೇ, ಇನ್ನೊಂದು ವಿಷಯ ಕೇಳಬೇಕಿತ್ತು. ಆ ಹುಡುಗಿಯ ತಾಯಿ ತೊಡೆದೇವು ಮಾಡುವುದನ್ನು ತೋರಿಸಿಕೊಡಿ ಎಂದು ದುಂಬಾಲು ಬಿದ್ದಿದ್ದಾರೆ. ಬೋರಲು ಹಾಕಿ ಹಿಟ್ಟು ಸವರುವ ಮಡಕೆ ಸಾಗರದಲ್ಲೇ ಉಳಿದಿದೆ. ಕಲಬುರಗಿಯಲ್ಲಿ ಒಲೆಯ ಮೇಲೆ ತಡೆಯುವಂತಹ ದೊಡ್ಡ ಮಡಕೆಯೂ ತಾಜಾ ಕಬ್ಬಿನ ಹಾಲೂ ಎಲ್ಲಿ ಸಿಗುತ್ತವೆ?