ಗಗ್ಗರದ ಸದ್ದು ಮಾಡಿಕೊಂಡು ಹಿಮ್ಮುಖವಾಗಿ ನುಗ್ಗುವುದು ಎಂತ?

ಶಿರ್ವದ ಸೊಸೆ:
ನನ್ನ ಗಂಡನ ಮನೆ ಉಡುಪಿ ಕಡೆಯ ಶಿರ್ವದ ಹತ್ತಿರ, ಪದವಿನ ಬುಡದಲ್ಲಿ. ಹಿಂದಿನ ಗುಡ್ಡೆಯಿಂದ ಸವೆದ ದಾರಿಯೊಂದು ಹಿತ್ತಿಲಿಗೆ ಇಳಿದು, ತೋಡಿನ ಸಂಕದ ಪಕ್ಕದ ಗುಳಿಗ ದೈವದ ಕಲ್ಲಿನವರೆಗೆ ಹೋಗುತ್ತದೆ. ಕತ್ತಲಾದ ಮೇಲೆ ಅಲ್ಲಿ ಅಡ್ಡ ನಿಲ್ಲಬಾರದು ಅಂತ ಅತ್ತೆ ನಾನು ಮದುವೆಯಾಗಿ ಬಂದ ಹೊಸತರಲ್ಲೇ ಹೇಳಿದ್ದರು. ಏನೋ ಒಂದು ಬರುತ್ತದಂತೆ. ಮೊಣಕಾಲಿನಷ್ಟೇ ಎತ್ತರ, ನೋಡುತ್ತಿದ್ದ ಹಾಗೆ ದೊಡ್ಡದಾಗುತ್ತದೆ, ಮುಖ ಇಲ್ಲ, ಎದುರಾದವರ ಮೇಲೆ ಬೆನ್ನು ಹಾಕಿಕೊಂಡೇ ನುಗ್ಗುತ್ತದೆ. ಅದಕ್ಕೆ ಮೊದಲು ಗಗ್ಗರದ ಸದ್ದು, ಕೋಲದಲ್ಲಿ ದೈವದ ಕಾಲಿಗೆ ಕಟ್ಟುತ್ತಾರಲ್ಲ, ಆ ಗೆಜ್ಜೆಯದ್ದು. ಹಿಂದೊಮ್ಮೆ ಯಕ್ಷಗಾನದ ಆಟ ನೋಡಿ ಬರುತ್ತಿದ್ದ ಚಿಕ್ಕಮಾವನಿಗೆ ಎದುರಾಗಿ, ಕೈಯಲ್ಲಿ ಉರಿಯುತ್ತಿದ್ದ ತೂಟೆ ಬಿಸಾಡಿ ಓಡಿ ಬಂದವರು ಜ್ವರ ಹಿಡಿದು ಮಲಗಿದರಂತೆ.

ನಕ್ಕು ಬಿಟ್ಟಿದ್ದೆ. ಈ ಮಳೆಗಾಲದ ಆಟಿ ತಿಂಗಳಲ್ಲಿ ಕರೆಂಟು ಹೋದ ಒಂದು ರಾತ್ರಿ ಬಚ್ಚಲಿನ ಹಿಂದೆ ನಾನೇ ಕೇಳಿದೆ. ಸರ್ರ್... ನಿಂತಿತು, ಮತ್ತೆ ಸರ್ರ್. ಮೇ ಕೊನೆಯ ಪತ್ತನಾಜೆ ಕಳೆದರೆ ದೀಪಾವಳಿವರೆಗೆ ನಮ್ಮ ಸುತ್ತ ಕೋಲವೇ ಇಲ್ಲ, ಗಗ್ಗರ ಎಲ್ಲಿಂದ?

ಈಗ ಹಿತ್ತಿಲಿಗೆ ಮುರಕಲ್ಲಿನ ಪಾಗಾರ, ಅಂದರೆ ಸುತ್ತುಗೋಡೆ, ಕಟ್ಟಿಸುವ ಮಾತು ನಡೆಯುತ್ತಿದೆ. ಪೂರ್ತಿ ಕಟ್ಟುವ ಅಂತ ಗಂಡ. ಆ ದಾರಿಯಲ್ಲಿ ತೆರವು ಬಿಡದಿದ್ದರೆ ಮಗಳ ಮನೆಗೆ ಹೋಗುತ್ತೇನೆ ಅಂತ ಅತ್ತೆ. ನಿಮ್ಮ ಕಡೆ ಇಂಥದ್ದು ಉಂಟಾ?

ಮಲ್ಪೆ ಬಂಗುಡೆ:
ಗುಳಿಗನಿಗೆ ಪಾಗಾರ ಹಾರಲಿಕ್ಕೆ ಬರುವುದಿಲ್ವಾ ಮಾರಾಯ್ರೆ? ಆದ್ರೂ ಬಿಡಿ. ಅತ್ತೆಯ ಸಿಟ್ಟಿಗಿಂತ ಎರಡಡಿ ಜಾಗ ಅಗ್ಗ.

ಬೆಳ್ಮಣ್ ತೋಟದವ:
ಹಿಮ್ಮುಖ ಅಂದಾಗಲೇ ಗೊತ್ತಾಯಿತು, ಮುಳ್ಳುಪಂಜಿ, ಅಂದರೆ ಮುಳ್ಳುಹಂದಿ. ಹೆದರಿದರೆ ಮುಳ್ಳು ನಿಮಿರಿಸಿ ಇದ್ದದ್ದಕ್ಕಿಂತ ಎಷ್ಟೋ ದೊಡ್ಡದಾಗಿ ಕಾಣುತ್ತದೆ. ತಲೆ ಆಚೆ ಮಾಡಿ ಹಿಂಭಾಗದಿಂದಲೇ ಬಂದು ಗುದ್ದುತ್ತದೆ, ಮತ್ತೆ ಮುಖ ಎಲ್ಲಿಂದ ಕಾಣಬೇಕು?

ಸದ್ದು ಬಾಲದ್ದು. ನಮ್ಮ ಗೆಣಸಿನ ಸಾಲಿನಲ್ಲಿ ಸಿಕ್ಕಿದ ಬಾಲದ ಮುಳ್ಳೊಂದು ಈಗಲೂ ನನ್ನ ಮೇಜಿನ ಮೇಲೆ ಉಂಟು. ಮೈಯ ಮುಳ್ಳಿಗೆ ಇರುವ ಕಪ್ಪು ಬಿಳಿ ಪಟ್ಟೆ ಇದಕ್ಕಿಲ್ಲ, ಚೂಪೂ ಇಲ್ಲ. ಬುಡದಲ್ಲಿ ಸಪೂರ ತೊಟ್ಟು, ಅದರ ಮೇಲೆ ಬಿಳಿಯ ಟೊಳ್ಳು ಕೊಳವೆ, ತುದಿ ತೆರೆದೇ ಇದೆ. ಉಗುರಿನಲ್ಲಿ ತಟ್ಟಿದರೆ ಟಕ್ ಅನ್ನುತ್ತದೆ. ಇಂಥವು ಗೊಂಚಲಾಗಿ ಒಟ್ಟಿಗೆ ಅಲುಗಿದರೆ ಕತ್ತಲಲ್ಲಿ ಯಾರಿಗಾದರೂ ಗಗ್ಗರವೇ.

ಮುಳ್ಳನ್ನು ಎಸೆಯುತ್ತದೆ ಅನ್ನುವುದು ಸುಳ್ಳು, ಆದರೆ ತಾಗಿದರೆ ಕಳಚಿಕೊಂಡು ನಾಟಿ ನಿಲ್ಲುತ್ತದೆ. ನಮ್ಮ ನಾಯಿಯ ಮೂತಿಯಿಂದ ತೆಗೆಸಲು ಡಾಕ್ಟರರು ಅರಿವಳಿಕೆ ಕೊಡಬೇಕಾಯಿತು. ಬಿಲದಿಂದ ಮೇಯುವ ಜಾಗಕ್ಕೆ ಅದು ಹೆಚ್ಚಾಗಿ ಒಂದೇ ದಾರಿ ಹಿಡಿಯುತ್ತದೆ. ನಿಮ್ಮ ಹಿತ್ತಿಲಿನ ದಾರಿ ಯಾರು ಸವೆಸಿದ್ದು ಅಂತ ಒಮ್ಮೆ ನೋಡಿ. ಉರುಳು ಗಿರುಳು ಇಡಬೇಡಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸಾಗುತ್ತದೆ.

ಕಾವೂರು ಅಜ್ಜ:
ತೋಟದವರೇ, ಮುಳ್ಳುಪಂಜಿಯನ್ನು ನಮ್ಮ ಹಿರಿಯರು ಕಾಣಲಿಲ್ಲ ಅಂದುಕೊಂಡಿರಾ? ಅದರ ಮಾಂಸದ ಪದಾರ್ಥ ಮಾಡಿ ಉಂಡವರು ಅವರು. ಗಗ್ಗರ ಯಾವುದು, ಬಾಲ ಯಾವುದು ಅಂತ ಅವರಿಗೆ ಗೊತ್ತಿತ್ತು. ಗುಳಿಗನಿಗೆ ಮರದ ಬುಡದಲ್ಲಿ ಕಲ್ಲು ಹಾಕಿ ಮೇಲೆ ಸೂರು ಕಟ್ಟದೆ ಬಿಡುವುದು ಸುಮ್ಮನೆ ಅಲ್ಲ, ಅವನಿಗೆ ಸಂಚಾರ ಉಂಟು. ಅಮ್ಮ, ಆ ನಡೆಗೆ ಅಡ್ಡ ಕಟ್ಟಬೇಡಿ. ಸಂಶಯ ಇದ್ದರೆ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿ, ಇಲ್ಲವಾ ಬರುವ ಕೋಲದಲ್ಲಿ ದೈವದ ಹತ್ತಿರವೇ ಅರಿಕೆ ಮಾಡಿ. ಅಲ್ಲಿವರೆಗೆ ಉಳಿದ ಕಡೆ ಕಟ್ಟಲಿ.

ಬೆಳ್ಮಣ್ ತೋಟದವ:
ಅಜ್ಜೆರೆ, ಅಡ್ಡ ಕಟ್ಟಿ ಅಂತ ನಾನೂ ಹೇಳಲಿಲ್ಲ. ದಾರಿ ಮುಚ್ಚಿದರೆ ಅದು ಪಾಗಾರದ ಅಡಿ ತೋಡುತ್ತದೆ, ಮಳೆಗಾಲದಲ್ಲಿ ಕಲ್ಲು ಜಾರಿದರೆ ಯಾರನ್ನು ಕೇಳುವುದು? ತೆರವು ಬಿಟ್ಟರೆ ನಿಮ್ಮದೂ ಆಯಿತು, ನನ್ನದೂ ಆಯಿತು.

ಶಿರ್ವದ ಸೊಸೆ:
ಬೆಳಿಗ್ಗೆ ಹೋಗಿ ನೋಡಿದೆ. ಮರಗೆಣಸಿನ ಬುಡ ಬಗೆದು ಅರ್ಧ ತಿಂದು ಹಾಕಿದೆ, ಕೆಸರಿನಲ್ಲಿ ಪಟ್ಟೆ ಮುಳ್ಳೊಂದು. ದೊಡ್ಡ ಸಾಕ್ಷಿ ಸಿಕ್ಕಿತು ಅಂತ ಅತ್ತೆಗೆ ತೋರಿಸಿದರೆ, "ಮುಳ್ಳುಪಂಜಿ ನನಗೆ ಗೊತ್ತಿಲ್ವಾ? ಅದೂ ಆ ದಾರಿಯಲ್ಲೇ ಬರುವುದು" ಅಂದರು! ಚಿಕ್ಕಮಾವ ಕಂಡದ್ದು ಎರಡರಲ್ಲಿ ಯಾವುದು ಅಂತ ಕೇಳಿದ್ದಕ್ಕೆ ಉತ್ತರ ಇಲ್ಲ, ಅಕ್ಕಿ ಗೇರಲು ಕೂತರು.

ತೆರವು ಬಿಡುವುದು ಅಂತ ತೀರ್ಮಾನ ಆಯಿತು. ಈಗ ಮೇಸ್ತ್ರಿಯ ಪ್ರಶ್ನೆ ಬೇರೆ: ಬೀದಿ ನಾಯಿ ನುಗ್ಗದ ಹಾಗೆ ಅಲ್ಲಿ ಎಂತ ಮಾಡುವುದು? ಗೇಟಿಗೆ ಅತ್ತೆ ಒಪ್ಪುವುದಿಲ್ಲ. ಯಾರಾದರೂ ಮಾಡಿದ್ದರೆ ಫೋಟೋ ಹಾಕಿ.