ಕೆರೆಗೆ ಬಿಡುವ ನೀರು, ಕೆರೆಗೆ ಕೊಡುವ ಹಣ

ಕಳೆದ ಸಂಚಿಕೆಯ ಸಮಸ್ಯೆ:

ವಾಹನಗಳ ಬಿಡಿಭಾಗಗಳಿಗೆ ಕ್ರೋಮ್ ಲೇಪನ ಮಾಡುವ ಮಧ್ಯಮ ಗಾತ್ರದ ಕಂಪನಿಯೊಂದರಲ್ಲಿ ನಾನು ಹಣಕಾಸು ವಿಭಾಗದ ಮುಖ್ಯಸ್ಥೆ. ಈ ಸಾಲಿನಲ್ಲಿ ನಾವು ಸಿಎಸ್‌ಆರ್‌ಗೆಂದು (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಗೆಂದು) ಸುಮಾರು 40 ಲಕ್ಷ ರೂಪಾಯಿ ಖರ್ಚು ಮಾಡಬೇಕಾಗಿದೆ. ಪಕ್ಕದ ಹಳ್ಳಿಯ ಕೆರೆ ಏರಿಯ ಮೇಲೆ ನಡಿಗೆ ಪಥ, ಬೆಂಚು, ಕಂಪನಿಯ ಹೆಸರಿನ ಕಮಾನು ಮಾಡಿಸಿ, ಉಳಿದ ಹಣದಲ್ಲಿ ಸರ್ಕಾರಿ ಶಾಲೆಗೆ ಬಣ್ಣ ಹೊಡೆಸಬೇಕೆಂಬುದು ಎಂ.ಡಿ.ಯವರ ಇಚ್ಛೆ. ಆದರೆ ನಮ್ಮ ತ್ಯಾಜ್ಯ ನೀರು ಸಂಸ್ಕರಣಾ ಘಟಕ ಹಳೆಯದು. ಉತ್ಪಾದನೆ ಹೆಚ್ಚಿದ ದಿನಗಳಲ್ಲಿ ಅರೆಬರೆ ಸಂಸ್ಕರಿಸಿದ ನೀರು ರಾಜಕಾಲುವೆಯ ಮೂಲಕ ಅದೇ ಕೆರೆಯನ್ನು ಸೇರುತ್ತದೆ. ಘಟಕವನ್ನು ನವೀಕರಿಸುವ ಪ್ರಸ್ತಾವವನ್ನು ಲಾಭ ಕುಸಿಯುತ್ತದೆಂಬ ಕಾರಣಕ್ಕೆ ಈಗಾಗಲೇ ಎರಡು ಸಲ ಮುಂದೂಡಿದ್ದಾರೆ. ಕೆರೆ ಯೋಜನೆಯ ಟಿಪ್ಪಣಿ ಬರೆದು ಸಹಿ ಹಾಕಬೇಕಾದವಳು ನಾನು. ಮಗನ ಓದು, ಮನೆಯ ಸಾಲ ಎರಡೂ ನನ್ನ ಸಂಬಳದ ಮೇಲಿವೆ. ನಾನೇನು ಮಾಡಲಿ?
— ಹೆಸರು ಬೇಡ, ಬೆಂಗಳೂರು ಗ್ರಾಮಾಂತರ

ಓದುಗರ ಸ್ಪಂದನ:

ಈ ಸಹೋದರಿಯ ಪತ್ರದಲ್ಲಿ ಎರಡು ಬೇರೆ ಬೇರೆ ಹೊಣೆಗಳು ಒಂದಕ್ಕೊಂದು ಬೆರೆತುಹೋಗಿವೆ. ಅವುಗಳನ್ನು ಬಿಡಿಸಿಟ್ಟರೆ ಅವರ ಗೊಂದಲ ಅರ್ಧದಷ್ಟಾದರೂ ಕಡಿಮೆಯಾಗುತ್ತದೆ ಎಂದು ನನಗನ್ನಿಸುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ನಿವ್ವಳ ಆಸ್ತಿ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕೆಂದು ಅದು ಹೇಳುತ್ತದೆ. ಬೇರೊಂದು ಕಾನೂನಿನ ಪ್ರಕಾರ ಕಂಪನಿ ಹೇಗಿದ್ದರೂ ಮಾಡಲೇಬೇಕಾದ ಕೆಲಸವನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲವೆಂದು ನಿಯಮಗಳು ಸ್ಪಷ್ಟಪಡಿಸಿವೆ. ಕಾರ್ಖಾನೆಯ ನೀರನ್ನು ಶುದ್ಧ ಮಾಡಿ ಹೊರಬಿಡುವುದು 1974ರ ಜಲ ಕಾಯ್ದೆ ಹೊರಿಸಿರುವ ಕರ್ತವ್ಯ. ಆದ್ದರಿಂದ ಘಟಕದ ನವೀಕರಣಕ್ಕೆ ಈ 40 ಲಕ್ಷದಿಂದ ಒಂದು ರೂಪಾಯಿಯನ್ನೂ ತೆಗೆಯಲು ಬರುವುದಿಲ್ಲ. ಅಷ್ಟೇ ಅಲ್ಲದೆ, ಸಿಎಸ್‌ಆರ್ ಹಣದಿಂದ ನಿರ್ಮಿಸಿದ ಆಸ್ತಿ ಕಂಪನಿಯ ಹೆಸರಿನಲ್ಲಿ ಉಳಿಯುವಂತೆಯೂ ಇಲ್ಲ. ನವೀಕರಣದ ಹಣ ಕಂಪನಿಯ ಸ್ವಂತ ಬಂಡವಾಳದಿಂದಲೇ ಬರಬೇಕು.

ತೆರಿಗೆಯ ಮಾತನ್ನು ಎಂ.ಡಿ.ಯವರ ಮುಂದೆ ಇಡಲು ಮರೆಯಬೇಡಿ. 2014ರ ಹಣಕಾಸು ಕಾಯ್ದೆಯ ತಿದ್ದುಪಡಿ ಬಂದಾಗಿನಿಂದ ಸಿಎಸ್‌ಆರ್ ಖರ್ಚನ್ನು ವ್ಯಾಪಾರದ ಖರ್ಚೆಂದು ತೋರಿಸಿ ಆದಾಯದಿಂದ ಕಳೆಯಲು ಬರುವುದಿಲ್ಲ. ಸಂಸ್ಕರಣಾ ಘಟಕಕ್ಕೆ ಹಾಕಿದ ಹಣಕ್ಕಾದರೆ ಸವಕಳಿ, ಅಂದರೆ ಅದರ ಬೆಲೆಯನ್ನು ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ಆದಾಯದಿಂದ ಕಳೆಯುವ ಅವಕಾಶ, ಸಿಗುತ್ತದೆ. ಲಾಭ ಕುಸಿಯುವ ಭಯದಿಂದ ಮುಂದೂಡುತ್ತಿರುವ ಖರ್ಚೇ ತೆರಿಗೆಯ ಲೆಕ್ಕದಲ್ಲಿ ಕಂಪನಿಗೆ ಅನುಕೂಲಕರ ಎಂಬುದನ್ನು ಒಂದು ಪುಟದಲ್ಲಿ ಅಂಕಿಗಳ ಸಮೇತ ಬರೆದು ಕೊಡಿ.

ಸಹಿಯ ವಿಚಾರಕ್ಕೆ ಬಂದರೆ, ನಿಮ್ಮ ಮೊತ್ತ 50 ಲಕ್ಷಕ್ಕಿಂತ ಕಡಿಮೆ ಇರುವುದರಿಂದ ಪ್ರತ್ಯೇಕ ಸಿಎಸ್‌ಆರ್ ಸಮಿತಿ ಕಡ್ಡಾಯವಲ್ಲ. ತೀರ್ಮಾನದ ಹೊಣೆ ನೇರವಾಗಿ ನಿರ್ದೇಶಕ ಮಂಡಳಿಯದು. ಬಿಡುಗಡೆಯಾದ ಹಣ ಮಂಡಳಿ ಒಪ್ಪಿದ ಉದ್ದೇಶಕ್ಕೆ, ಒಪ್ಪಿದ ರೀತಿಯಲ್ಲಿಯೇ ಬಳಕೆಯಾಗಿದೆಯೆಂದು ಪ್ರಮಾಣೀಕರಿಸುವ ಹೊಣೆ ಮಾತ್ರ ಹಣಕಾಸು ಮುಖ್ಯಸ್ಥರದು. ಹಾಗಾಗಿ ಟಿಪ್ಪಣಿಯಲ್ಲಿ ಕೆರೆಯ ಸ್ಥಿತಿಗೆ ಕಾರಣಗಳನ್ನು ಬರೆಯುವಾಗ ಕಾರ್ಖಾನೆಯ ನೀರನ್ನು ಬಿಟ್ಟು ಬರೆಯಬೇಡಿ. ಸತ್ಯಾಂಶವನ್ನು ಒಳಗೊಂಡ ಟಿಪ್ಪಣಿಯನ್ನು ಮಂಡಳಿಯ ಮುಂದಿಟ್ಟರೆ ನಿಮ್ಮ ಕರ್ತವ್ಯವನ್ನು ನೀವು ಮಾಡಿದಂತೆ. ನಿರ್ದೇಶಕರು ಷೇರುದಾರರ ಜೊತೆಗೆ ನೌಕರರು, ಸಮುದಾಯ ಮತ್ತು ಪರಿಸರದ ಹಿತವನ್ನೂ ಕಾಯಬೇಕೆಂದು ಅದೇ ಕಾಯ್ದೆಯ 166ನೇ ಸೆಕ್ಷನ್ ಹೇಳುತ್ತದೆ. ಇದು ಬಹಳಷ್ಟು ಮಂಡಳಿಗಳಲ್ಲಿ ಯಾರೂ ಓದಿ ಹೇಳದ ಸಾಲು. ನೀವು ಓದಿ ಹೇಳಿ.
— ಕಂಪನಿ ಕಾರ್ಯದರ್ಶಿ, ಮೈಸೂರು

ನಾನೂ ಇದೇ ಕಸುಬಿನವನು. ಸಣ್ಣ ಪ್ರಮಾಣದ ಲೇಪನ ಘಟಕವೊಂದನ್ನು ನಡೆಸುತ್ತೇನೆ. ಎಂ.ಡಿ.ಯವರನ್ನು ಕೆಟ್ಟವರೆಂದು ತೀರ್ಮಾನಿಸುವ ಮೊದಲು ಅವರ ಮೇಲಿರುವ ಒತ್ತಡವನ್ನು ಓದುಗರು ತಿಳಿಯಬೇಕು. ವಾಹನ ತಯಾರಿಸುವ ದೊಡ್ಡ ಕಂಪನಿಗಳು ಪ್ರತಿ ವರ್ಷ ದರ ಇಳಿಸುವಂತೆ ಕೇಳುತ್ತವೆ, ನಿಕಲ್ ಬೆಲೆ ನಮ್ಮ ಕೈಯಲ್ಲಿಲ್ಲ, ಬ್ಯಾಂಕಿನ ಕಂತು ಕಾಯುವುದಿಲ್ಲ. ಇಂಥ ಸ್ಥಿತಿಯಲ್ಲಿ ಉತ್ಪಾದನೆಗೆ ಒಂದು ಬಿಡಿಭಾಗವನ್ನೂ ಹೆಚ್ಚಿಗೆ ಸೇರಿಸದ ಖರ್ಚು ಯಾವಾಗಲೂ ಪಟ್ಟಿಯ ಕೊನೆಗೆ ಹೋಗುತ್ತದೆ.

ಆದರೂ ಕ್ರೋಮ್ ನೀರಿನ ವಿಷಯದಲ್ಲಿ ರಾಜಿ ಸಲ್ಲದು ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ತೊಳೆದ ನೀರಿನಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಆ ನೀರಿಗೆ ಮೊದಲು ಆಮ್ಲ ಹಾಕಿ, ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿದರೆ ಹಳದಿ ನೀರು ಹಸಿರಿಗೆ ತಿರುಗುತ್ತದೆ. ಆಮೇಲೆ ಸುಣ್ಣ ಹಾಕಿದಾಗ ಲೋಹವು ಕೆಸರಾಗಿ ತಳಕ್ಕಿಳಿಯುತ್ತದೆ. ಇದಕ್ಕೆಲ್ಲ ಸಮಯ ಬೇಕು. ಉತ್ಪಾದನೆ ದುಪ್ಪಟ್ಟಾದರೆ ಅದೇ ತೊಟ್ಟಿಯಲ್ಲಿ ನೀರು ನಿಲ್ಲುವ ಹೊತ್ತು ಅರ್ಧಕ್ಕಿಳಿಯುತ್ತದೆ, ಕ್ರಿಯೆ ಪೂರ್ತಿಯಾಗುವ ಮೊದಲೇ ಹಳದಿ ಛಾಯೆ ಉಳಿದ ನೀರು ಮುಂದಕ್ಕೆ ಸಾಗುತ್ತದೆ. ಸಹೋದರಿ ಬರೆದಿರುವ ‘ಉತ್ಪಾದನೆ ಹೆಚ್ಚಿದ ದಿನಗಳು’ ಎಂಬ ಮಾತಿನ ಹಿಂದಿರುವ ಸಂಗತಿ ಬಹುಶಃ ಇದೇ. ಹಾಗಿದ್ದರೆ ಇಡೀ ಘಟಕವನ್ನು ಬದಲಿಸುವ ದೊಡ್ಡ ಪ್ರಸ್ತಾವಕ್ಕೆ ಕಾಯದೆ ಕೆಲವು ಕೆಲಸಗಳನ್ನು ಈಗಲೇ ಮಾಡಬಹುದು. ಲೇಪನದ ತೊಟ್ಟಿಯಿಂದ ಎತ್ತಿದ ರ‍್ಯಾಕನ್ನು ಕೂಡಲೇ ತೊಳೆಯುವ ತೊಟ್ಟಿಗೆ ಇಳಿಸದೆ, ದ್ರಾವಣ ಸೋರಿ ಅದೇ ತೊಟ್ಟಿಗೆ ಬೀಳುವ ತನಕ ಮೇಲೆ ಹಿಡಿಯುವಂತೆ ಕೆಲಸಗಾರರಿಗೆ ಹೇಳಿಕೊಡಬೇಕು. ತೊಳೆಯುವ ತೊಟ್ಟಿಗಳನ್ನು ಸಾಲಾಗಿಟ್ಟು, ಭಾಗಗಳು ಸಾಗುವ ದಿಕ್ಕಿಗೆ ಎದುರಾಗಿ ನೀರು ಹರಿಯುವಂತೆ ಮಾಡಬೇಕು. ಇವೆರಡರಿಂದಲೇ ನನ್ನ ಘಟಕದಲ್ಲಿ ಹೊರಹೋಗುವ ನೀರೂ ಖರೀದಿಸುವ ರಾಸಾಯನಿಕವೂ ಕಣ್ಣಿಗೆ ಕಾಣುವಷ್ಟು ಇಳಿದವು. ಇದಕ್ಕೆ ಎಂ.ಡಿ.ಯವರು ಬೇಡವೆನ್ನಲಾರರು, ಏಕೆಂದರೆ ಇದರಲ್ಲಿ ಅವರಿಗೆ ಉಳಿತಾಯವೇ ಇದೆ.

ನವೀಕರಣದ ದೊಡ್ಡ ಖರ್ಚಿಗೆ ಮಾತ್ರ ಉಳಿತಾಯದ ವಾದ ಸಾಲದು. ಅಲ್ಲಿ ಅಪಾಯದ ಲೆಕ್ಕವನ್ನು ಮುಂದಿಡಿ. ಜಲ ಕಾಯ್ದೆಯ 33ಎ ಸೆಕ್ಷನ್ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯು ಕಾರ್ಖಾನೆ ಮುಚ್ಚಿಸಲು, ವಿದ್ಯುತ್ ಕಡಿತಗೊಳಿಸಲು ಆದೇಶಿಸಬಹುದು. ಕಾರ್ಖಾನೆ ಒಂದು ವಾರ ಮುಚ್ಚಿದರೆ ಎಷ್ಟು ಆರ್ಡರು ಕೈತಪ್ಪುತ್ತವೆ ಎಂಬುದನ್ನು ಅವರು ನಿಮಗಿಂತ ಚೆನ್ನಾಗಿ ಬಲ್ಲರು. ಇನ್ನೊಂದು ಮಾತು: ಷೇರುಪೇಟೆಯ ಮೊದಲ 1,000 ಕಂಪನಿಗಳು ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿಯನ್ನು 2022–23ರಿಂದ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದಂತೆ ಕಡ್ಡಾಯವಾಗಿ ಕೊಡಬೇಕಾಗಿದೆ. ಅಂಥ ಕಂಪನಿಗೆ ನೀವು ಮಾಲು ಪೂರೈಸುತ್ತಿದ್ದರೆ, ನಿಮ್ಮ ನೀರಿನ ಪರೀಕ್ಷಾ ವರದಿಯನ್ನು ಅವರು ಕೇಳುವ ದಿನ ದೂರವಿಲ್ಲ.
— ಸಣ್ಣ ಉದ್ಯಮಿ, ಬೆಳಗಾವಿ

ಮೇಡಂ, ನಮ್ಮೂರಿನದೂ ಕಾರ್ಖಾನೆಗಳ ಕೆಳಗಿರುವ ಕೆರೆ. ಬೆಂಚು ಹಾಕಿಸಿದರೆ ಆ ನೀರಿನ ವಾಸನೆಯಲ್ಲಿ ಯಾರು ಕೂರುತ್ತಾರೆ? ನಮ್ಮ ದನಗಳಿಗೆ ಕೆರೆಯ ನೀರು ಕುಡಿಸುವುದನ್ನು ಬಿಟ್ಟು ವರ್ಷಗಳಾದವು, ಮೀನಿನ ಹರಾಜು ನಿಂತಿದೆ, ಅಚ್ಚುಕಟ್ಟಿನ ಗದ್ದೆಗೆ ಆ ನೀರು ಹಾಯಿಸಲು ಮನಸ್ಸು ಬರುವುದಿಲ್ಲ. ನಾವು ನಿಮ್ಮ ಕಂಪನಿಯಿಂದ ದಾನವನ್ನು ಕೇಳುತ್ತಿಲ್ಲ. ಹೂಳೆತ್ತುವ ಕೆಲಸವನ್ನು ಪಂಚಾಯಿತಿಯ ಜೊತೆ ಸೇರಿ ನಾವೇ ಮಾಡಿಕೊಳ್ಳಬಲ್ಲೆವು. ರಾಜಕಾಲುವೆಗೆ ಬರುವ ನೀರನ್ನು ಸರಿಪಡಿಸುವುದು ಮಾತ್ರ ನಮ್ಮ ಕೈಯಲ್ಲಿಲ್ಲ, ಅದು ನಿಮ್ಮ ಗೇಟಿನ ಒಳಗಿದೆ. ಇದನ್ನು ಎಂ.ಡಿ.ಯವರಿಗೆ ಹೇಳಲು ನಿಮಗೆ ಸಂಕೋಚವಾದರೆ ನಿಮ್ಮ ಪಕ್ಕದ ಹಳ್ಳಿಯವರನ್ನೇ ಮಾತುಕತೆಗೆ ಕರೆಸಿ. ನಾವು ಹೇಳಿದರೆ ಅದು ನೀವು ಕೊಟ್ಟ ದೂರು ಎನಿಸುವುದಿಲ್ಲ.
— ರೈತ, ಆನೇಕಲ್ ತಾಲ್ಲೂಕು

ಅರ್ಥಶಾಸ್ತ್ರದ ನಿವೃತ್ತ ಅಧ್ಯಾಪಕನಾಗಿ ಒಂದು ವಿಷಯವನ್ನು ಸೇರಿಸಬಯಸುತ್ತೇನೆ. ವ್ಯಾಪಾರದ ಸಾಮಾಜಿಕ ಹೊಣೆ ಲಾಭವನ್ನು ಹೆಚ್ಚಿಸುವುದೇ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ವಾದಿಸಿದರು. ಲಾಭದ ಪರವಾಗಿ ಮಾತನಾಡುವವರು ಇಂದಿಗೂ ಅವರ ಹೆಸರನ್ನೇ ಮುಂದೆ ಮಾಡುತ್ತಾರೆ. ಆ ಲಾಭವನ್ನು ಆಟದ ನಿಯಮಗಳ ಒಳಗಿದ್ದು, ಮೋಸವಿಲ್ಲದೆ ಗಳಿಸಬೇಕೆಂಬ ಷರತ್ತನ್ನೂ ಅವರೇ ಹಾಕಿದ್ದರು. ಕಾರ್ಖಾನೆ ತನ್ನ ಖರ್ಚನ್ನು ಕೆರೆಯ ಮೇಲೆ, ಅಂದರೆ ರೈತನ ಮೇಲೆ ಹೊರಿಸಿ ತೋರಿಸುವ ಲಾಭವು ಅವರ ವಾದದ ಪ್ರಕಾರವೂ ನ್ಯಾಯವಾದ ಲಾಭವಲ್ಲ. ತಮಿಳುನಾಡಿನ ಚರ್ಮ ಹದಗೊಳಿಸುವ ಕಾರ್ಖಾನೆಗಳ ಕುರಿತು ವೆಲ್ಲೂರಿನ ನಾಗರಿಕರ ವೇದಿಕೆ ಹೂಡಿದ್ದ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟ್ 1996ರಲ್ಲೇ, ಮಲಿನ ಮಾಡಿದವನೇ ಅದರ ವೆಚ್ಚವನ್ನು ಭರಿಸಬೇಕೆಂಬ ತತ್ವವನ್ನು ಈ ನೆಲದ ಕಾನೂನೆಂದು ಒಪ್ಪಿತು.

ಶೇ 2ರ ಕಡ್ಡಾಯದ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನವಿದೆ. ಹೊಣೆಗಾರಿಕೆಯನ್ನು ಒಂದು ಮೊತ್ತಕ್ಕೆ ಇಳಿಸಿದರೆ, ಆ ಮೊತ್ತವನ್ನು ಕಟ್ಟಿದ ಮೇಲೆ ಉಳಿದ ಶೇ 98ನ್ನು ಹೇಗೆ ಗಳಿಸಿದೆ ಎಂದು ಯಾರೂ ಕೇಳಬಾರದೆಂಬ ಮನೋಭಾವ ಬೆಳೆಯುತ್ತದೆ. ಈ ಪತ್ರದಲ್ಲಿರುವ ಕಂಪನಿಯ ಯೋಚನೆ ಅದೇ ಹಾದಿಯಲ್ಲಿದೆ.
— ಧಾರವಾಡ

ತಂಗಿ, ಶಾಲೆಗೆ ಬಣ್ಣ ಹೊಡೆಸುವ ವಿಚಾರಕ್ಕಷ್ಟೇ ನಾನು ಬರೆಯುತ್ತೇನೆ, ಏಕೆಂದರೆ ಮಿಕ್ಕದ್ದನ್ನು ಬಲ್ಲವರು ಹೇಳುತ್ತಾರೆ. ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದ ಶಾಲೆಗೆ ಒಂದು ಕಂಪನಿಯವರು ಹೆಣ್ಣುಮಕ್ಕಳ ಶೌಚಾಲಯವನ್ನು ಬಹಳ ಚೆನ್ನಾಗಿ ಕಟ್ಟಿಸಿಕೊಟ್ಟರು. ಟೈಲ್ಸ್ ಹಾಕಿ, ಗೋಡೆಗೆ ತಮ್ಮ ಫಲಕ ಹಾಕಿ, ಫೋಟೊ ತೆಗೆಸಿಕೊಂಡು ಹೋದರು. ಮೇಲಿನ ತೊಟ್ಟಿಗೆ ನೀರು ಏರಿಸಲು ಮೋಟರ್ ಇರಲಿಲ್ಲ, ಶುಚಿ ಮಾಡುವವರಿಗೆ ಕೊಡಲು ನಮ್ಮಲ್ಲಿ ಹಣವೂ ಇರಲಿಲ್ಲ. ಕೊನೆಗೆ ಬೀಗ ಹಾಕಿ ಕೀಲಿಕೈಯನ್ನು ನನ್ನ ಮೇಜಿನ ಖಾನೆಯಲ್ಲಿ ಇಟ್ಟುಕೊಳ್ಳಬೇಕಾಯಿತು. ದೊಡ್ಡ ಹುಡುಗಿಯರು ತಿಂಗಳ ಆ ದಿನಗಳಲ್ಲಿ ಮನೆಯಲ್ಲೇ ಉಳಿಯುವುದು ತಪ್ಪಲಿಲ್ಲ. ಕಂಪನಿಯವರು ಒಂದು ಸಲ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಬಂದು ಕೂತಿದ್ದರೆ ತಾಯಂದಿರೇ ಇದನ್ನೆಲ್ಲ ಹೇಳುತ್ತಿದ್ದರು. ಹಾಗಾಗಿ ಬಣ್ಣಕ್ಕೆ ಮೊದಲು ಆ ಸಭೆಗೆ ಹೋಗಿ ಬನ್ನಿ. ಕಟ್ಟಿದ್ದನ್ನು ಎರಡು ಮೂರು ವರ್ಷ ನಡೆಸಲು ಬೇಕಾಗುವ ಹಣವನ್ನೂ ಯೋಜನೆಯಲ್ಲೇ ಸೇರಿಸಿ.
— ನಿವೃತ್ತ ಮುಖ್ಯೋಪಾಧ್ಯಾಯಿನಿ, ಕೋಲಾರ

ಕಂಪನಿಗಳ ಸಿಎಸ್‌ಆರ್ ಹಣದಲ್ಲಿ ಕೆಲಸ ಮಾಡುವ ಟ್ರಸ್ಟ್ ಒಂದರಲ್ಲಿ ನಾನಿದ್ದೇನೆ. ಹಿಂದಿನ ಪತ್ರದ ಅಕ್ಕ ಹೇಳಿದ ಬೀಗದ ಕಥೆ ನಮಗೂ ಗೊತ್ತಿರುವುದೇ, ಅದರ ಮೂಲ ಬಹಳ ಸಲ ಮಾರ್ಚ್ 31ರ ಗಡುವಿನಲ್ಲಿದೆ. ಜನವರಿಯಲ್ಲಿ ಹಣ ಕೊಟ್ಟು, ಮಾರ್ಚ್ ಮುಗಿಯುವುದರೊಳಗೆ ಬಳಕೆ ಪ್ರಮಾಣಪತ್ರ ಕೇಳುತ್ತಾರೆ. ಅಷ್ಟು ಬೇಗ ಮುಗಿಯುವುದು ಬಣ್ಣ, ಬೆಂಚು, ಕಮಾನುಗಳಂಥವೇ. ಖರ್ಚಾಗದೆ ಉಳಿದ ಹಣವನ್ನು ನಿಯಮದಂತೆ ವರ್ಗಾಯಿಸದಿದ್ದರೆ ಅದರ ಎರಡು ಪಟ್ಟು ಅಥವಾ ಒಂದು ಕೋಟಿ, ಯಾವುದು ಕಡಿಮೆಯೋ ಅಷ್ಟು ದಂಡವೆಂದು 2021ರ ಜನವರಿಯಿಂದ ಜಾರಿಗೆ ಬಂದಿರುವುದರಿಂದ, ನಿಮ್ಮ 40 ಲಕ್ಷಕ್ಕೆ 80 ಲಕ್ಷ ದಂಡದ ಭಯ ಎಂ.ಡಿ.ಯವರಿಗೆ ಇರುವುದು ಸಹಜ. ಆ ಭಯಕ್ಕೆ ಕಾನೂನಿನಲ್ಲೇ ಪರಿಹಾರವಿದೆ. ಕೆರೆ ಕೆಲಸವನ್ನು ‘ಮುಂದುವರಿಯುವ ಯೋಜನೆ’ ಎಂದು ಮಂಡಳಿಯ ನಿರ್ಣಯದಲ್ಲಿ ಬರೆಸಿ ಈ ವರ್ಷವೇ ಆರಂಭಿಸಿದರೆ, ಆರಂಭದ ವರ್ಷವನ್ನು ಬಿಟ್ಟು ಇನ್ನೂ ಮೂರು ವರ್ಷಗಳ ತನಕ ಅದನ್ನು ನಡೆಸಬಹುದು. ಉಳಿದ ಹಣವನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ವರ್ಗಾಯಿಸಿದರೆ ದಂಡವಿಲ್ಲ.

ಹೀಗೆ ಸಮಯ ಸಿಕ್ಕಿದರೆ ಕೆಲಸದ ಕ್ರಮವನ್ನೇ ಬದಲಿಸಬಹುದು. ಕೆಲಸ ಬೇಡವೆನ್ನುವುದಕ್ಕಿಂತ ಇದು ಮಂಡಳಿಗೆ ಒಪ್ಪಿಸಲು ಸುಲಭದ ದಾರಿ, ನಿಮ್ಮ ನೌಕರಿಗೂ ಅಪಾಯ ಕಡಿಮೆ. ಮೊದಲ ವರ್ಷ ಕೆರೆಗೆ ನೀರು ಬರುವ ಕಾಲುವೆಗಳಲ್ಲಿ, ನಿಮ್ಮ ಕಾರ್ಖಾನೆಯ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ, ಮಾನ್ಯತೆ ಪಡೆದ ಪ್ರಯೋಗಾಲಯದಿಂದ ನೀರಿನ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಿಸುವ ಅಂಶ ಯೋಜನೆಯಲ್ಲಿರಲಿ. ಹೂಳು ತೆಗೆಯುವುದು, ಗಿಡ ನೆಡುವುದು ಎರಡನೆಯ ವರ್ಷಕ್ಕೆ ಉಳಿಯಲಿ. ಕಾರ್ಖಾನೆಯ ಘಟಕ ನವೀಕರಣಗೊಂಡು ಹೊರಬರುವ ನೀರು ಮಾಲಿನ್ಯ ನಿಯಂತ್ರಣ ಮಂಡಳಿಯ ಮಿತಿಯೊಳಗೆ ಬಂದ ವರದಿ ಸಿಕ್ಕ ನಂತರವೇ ಈ ಎರಡನೆಯ ವರ್ಷದ ಕೆಲಸದ ಹಣ ಬಿಡುಗಡೆಯಾಗುವುದೆಂಬ ಷರತ್ತನ್ನು ನಿರ್ಣಯದಲ್ಲಿ ಸೇರಿಸಿ. ಕಮಾನಿನ ಹಣವನ್ನು ಪರೀಕ್ಷೆಗೆ ತಿರುಗಿಸಿದರೆ ಸಾಕಾದೀತು. ಟ್ರಸ್ಟನ್ನು ಆರಿಸುವಾಗ ಅದು ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡಿದೆಯೇ ಎಂದು ನೋಡಿಕೊಳ್ಳಿ, ಮತ್ತು ಪರೀಕ್ಷೆಯ ಫಲಿತಾಂಶವನ್ನು ಕಂಪನಿಯ ಒಪ್ಪಿಗೆಗೆ ಕಾಯದೆ ಪಂಚಾಯಿತಿಗೆ ಕೊಡುವ ಹಕ್ಕು ಅವರಿಗಿರುವಂತೆ ಒಪ್ಪಂದದಲ್ಲಿ ಬರೆಸಿ.
— ಟ್ರಸ್ಟ್ ಕಾರ್ಯಕರ್ತ, ಬೆಂಗಳೂರು